ಓದುಗರ ಪ್ರಶ್ನೆ: ರಾತ್ರಿ ಎದ್ದದ್ದಕ್ಕೂ ಲೆಕ್ಕ ಬೇಡವೇ?

ಪ್ರಶ್ನೆ: ಹಾಸಿಗೆ ಹಿಡಿದಿರುವ ತಂದೆಯವರ ಆರೈಕೆಗೆ ಒಬ್ಬರು ನಮ್ಮ ಮನೆಯಲ್ಲೇ ಉಳಿದಿದ್ದಾರೆ. ರಾತ್ರಿ ಪಕ್ಕದಲ್ಲೇ ಮಲಗಿ, ಕರೆದಾಗ ಏಳುತ್ತಾರೆ. ಮಲಗಿದ ಹೊತ್ತೂ ಕೆಲಸವೇ?

ಉತ್ತರ: ತಾವಾಗಿ ಹೊರಳಲಾರದವರಿಗೆ ಒತ್ತುಹುಣ್ಣು ಆಗದಿರಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಹತ್ತಕ್ಕೆ ಮಲಗಿದವರು ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಏಳಲೇಬೇಕು. ನಡುವೆ ಬಟ್ಟೆ ಒದ್ದೆಯಾದರೆ ಇನ್ನೊಮ್ಮೆ. ಇದಕ್ಕೆ ನಿದ್ದೆ ಅನ್ನುವುದು ಹೇಗೆ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 189ನೇ ಒಡಂಬಡಿಕೆ (2011) ಮನೆಗೆಲಸದವರಿಗೆಂದೇ ಆದದ್ದು. ಕರೆ ಬರಬಹುದೆಂದು ಕಾದಿರುವ ಹೊತ್ತನ್ನೂ ಕೆಲಸದ ಹೊತ್ತೆಂದು ಅದು ಒಪ್ಪುತ್ತದೆ. ಎಷ್ಟರಮಟ್ಟಿಗೆ ಎಂಬುದನ್ನು ಆಯಾ ದೇಶದ ಕಾನೂನಿಗೆ, ಒಪ್ಪಂದಕ್ಕೆ ಬಿಟ್ಟಿದೆ. ವಾರಕ್ಕೆ ಕನಿಷ್ಠ 24 ಗಂಟೆ ಸತತ ಬಿಡುವು ಎಂದೂ ಹೇಳುತ್ತದೆ. ಎರಡು ಮಧ್ಯಾಹ್ನ ಬಿಟ್ಟುಕೊಟ್ಟು ರಜೆ ಕೊಟ್ಟೆವು ಅಂದರೆ ಲೆಕ್ಕ ಸರಿಹೋಗದು.

ಹಾಸಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಎದ್ದ ಹೊತ್ತು, ಕಾರಣ, ತಿರುಗಿಸಿದ ಮಗ್ಗುಲು, ಮತ್ತೆ ಮಲಗಿದ ಹೊತ್ತು: ನಾಲ್ಕೇ ಕಾಲಂ. ಮಗ್ಗುಲಿನ ಕಾಲಂ ವೈದ್ಯರಿಗೂ ಬೇಕಾಗುತ್ತದೆ. ಎರಡು ವಾರ ಬರೆದು ಕೂಡಿಸಿ. ದಿನವೂ ಮೂರು ಸಲ ಏಳುತ್ತಿದ್ದರೆ ರಾತ್ರಿಗೆ ಬೇರೊಬ್ಬರು ಬೇಕು, ಇಲ್ಲವೇ ಹನ್ನೆರಡು ಮತ್ತು ಎರಡು ಗಂಟೆಯ ಸರದಿ ಮನೆಯವರದು. ಎಷ್ಟೋ ಮನೆಗಳಲ್ಲಿ ರಾತ್ರಿಯ ಕೆಲಸಕ್ಕೆ ಒಂದಿಷ್ಟು ಹೆಚ್ಚು ಹಣ ಕೊಡುತ್ತಾರೆ, ಆದರೆ ಬೆಳಗಿನ ಆರಕ್ಕೇ ಎಬ್ಬಿಸುತ್ತಾರೆ. ನಿದ್ದೆಗಣ್ಣಲ್ಲಿ ಎತ್ತಿದರೆ ಎತ್ತುವವರ ಸೊಂಟ ಉಳುಕುತ್ತದೆ, ತಂದೆಯವರೂ ಜಾರಬಹುದು. ಕಂಕುಳಿಗೆ ಕೈಹಾಕಿ ಎಳೆಯಬೇಡಿ. ಭುಜದಿಂದ ತೊಡೆಯವರೆಗೆ ಮೈಕೆಳಗೆ ಗಟ್ಟಿ ದುಪ್ಪಟಿಯೊಂದನ್ನು ಅಡ್ಡ ಹಾಸಿ, ಎರಡೂ ಕಡೆ ಒಬ್ಬೊಬ್ಬರು ಅಂಚನ್ನು ಸುರುಳಿ ಸುತ್ತಿ ಹಿಡಿದು ಒಟ್ಟಿಗೆ ಸರಿಸಿ.

ಪ್ರಶ್ನೆ: ಇಷ್ಟೆಲ್ಲ ಭರಿಸುವ ಶಕ್ತಿ ಮಧ್ಯಮ ವರ್ಗಕ್ಕೆಲ್ಲಿದೆ?

ಉತ್ತರ: ಇಲ್ಲ. ಒಂದು ಸಂಬಳದೊಳಗಿಂದ ಇನ್ನೊಂದು ಸಂಬಳ ಎಷ್ಟು ಹುಟ್ಟೀತು? ಆರೈಕೆಗೆ ಸರ್ಕಾರದ ಹಣ ಬೇಕೆನ್ನುವುದು ಇದಕ್ಕೇ. ಶಿಶುಪಾಲನಾ ಕೇಂದ್ರ, ವೃದ್ಧರ ಹಗಲು ಕೇಂದ್ರ, ಮನೆಗೆ ಬರುವ ನರ್ಸ್, ಮನೆಗೆಲಸದವರಿಗೆ ಪಿಂಚಣಿ ಮತ್ತು ಹೆರಿಗೆ ಭತ್ಯೆ, ಕೊನೆಗೆ ನೀರು ಹೊರುವ ಕೆಲಸ ತಪ್ಪಿಸುವ ನಲ್ಲಿ ಕೂಡ ಈ ಬಾಬ್ತಿಗೇ ಸೇರುತ್ತವೆ. ಇವಿಲ್ಲದ ಕಡೆ ಹೊರೆ ಸಂಬಳವಿಲ್ಲದೆ ದುಡಿಯುವವರ ಹೆಗಲಿಗೆ ಬೀಳುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2018ರ ಅಂದಾಜಿನಂತೆ ಜಗತ್ತಿನಲ್ಲಿ ದಿನಕ್ಕೆ 1,640 ಕೋಟಿ ಗಂಟೆ ಇಂಥ ಕೆಲಸ ನಡೆಯುತ್ತದೆ. ಅದರ ಮುಕ್ಕಾಲು ಪಾಲು ಹೆಂಗಸರದು.

ಪ್ರಶ್ನೆ: ಬಚ್ಚಲು ಉಜ್ಜುವಾಗ ನಮ್ಮ ಮನೆಗೆಲಸದವರಿಗೆ ಕಣ್ಣುರಿ, ಕೆಮ್ಮು ಬರುತ್ತದೆ. ಏಕೆ?

ಉತ್ತರ: ಬ್ಲೀಚ್ ಮತ್ತು ಟಾಯ್ಲೆಟ್ ಆ್ಯಸಿಡ್ ಎರಡನ್ನೂ ಒಟ್ಟಿಗೆ ಸುರಿಯುತ್ತಿರಬಹುದು. ಅವು ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಅದು ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ; ಕುಕ್ಕರಗಾಲಲ್ಲಿ ಕೂತು ಉಜ್ಜುವವರ ಮೂಗಿಗೇ ಮೊದಲು. ಒಂದು ದಿನಕ್ಕೆ ಎರಡರಲ್ಲಿ ಒಂದನ್ನು ಮಾತ್ರ ಬಳಸಲಿ, ಬಾಗಿಲು ಕಿಟಕಿ ತೆರೆದಿರಲಿ, ಬಿಸಿನೀರು ಬೇಡ. ಅನಿಲ ಎದ್ದರೆ ತೊಳೆಯಲು ನಿಲ್ಲದೆ ಕೂಡಲೇ ಹೊರಬರಬೇಕು. ಉಸಿರು ಕಟ್ಟಿದರೆ ಆಸ್ಪತ್ರೆಗೆ. ಕೈಗವಸು ನೀವೇ ತಂದುಕೊಡಿ, ಅದರ ಹಣವನ್ನು ಸಂಬಳದಲ್ಲಿ ಮುರಿದುಕೊಳ್ಳಬೇಡಿ.