ಸಂಸಾರ ಕಟ್ಟಿಕೊಂಡು ಪೋಲೆಂಡಿಗೆ

ನಮಸ್ಕಾರ ತಮ್ಮಾ. ನೀವು ‘ಅಕ್ಕಾ’ ಎಂದು ಬರೆದಿದ್ದೀರಿ, ಹಾಗಾಗಿ ಅಕ್ಕನ ಸಲುಗೆಯಲ್ಲೇ ಉತ್ತರಿಸುತ್ತೇನೆ. ಪೋಲೆಂಡಿನ ವ್ರೋತ್ಸ್ವಾಫ್ ನಗರದ ಕಂಪನಿಯೊಂದರಲ್ಲಿ ನಿಮಗೆ ಕೆಲಸ ಸಿಕ್ಕಿದೆ. ದಾವಣಗೆರೆಯಿಂದ ಹೆಂಡತಿ, ಒಂಬತ್ತು ವರ್ಷದ ಮಗಳು, ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಹೊರಡಬೇಕೆಂದಿದ್ದೀರಿ. ಸಂಬಳ ಸಾಲುತ್ತದೆಯೇ, ಚಳಿ ತಡೆಯಬಹುದೇ, ಸಸ್ಯಾಹಾರಿಗಳಿಗೆ ಊಟ ಸಿಗುತ್ತದೆಯೇ, ಇಂಗ್ಲಿಷ್ ಶಾಲೆ ಇದೆಯೇ ಎಂದು ಕೇಳಿದ್ದೀರಿ. ಕೊನೆಗೆ, ‘ಮನೆಯವರು ಬಿ.ಕಾಂ. ಓದಿದ್ದಾರೆ, ಲೆಕ್ಕಪತ್ರದ ಕೆಲಸ ಬಿಟ್ಟು ಬರುತ್ತಾರೆ, ಎರಡು ವರ್ಷ ಆರಾಮವಾಗಿ ಮನೆಯಲ್ಲಿರುತ್ತಾರೆ’ ಎಂಬ ಸಾಲನ್ನು ಸೇರಿಸಿದ್ದೀರಿ. ನಾನು ಆ ಸಾಲಿನಿಂದಲೇ ಶುರು ಮಾಡುತ್ತೇನೆ.

ಆರಾಮ ಸಿಗುವುದು ನಿಮಗೆ. ನಿಮ್ಮ ಕಚೇರಿಯಲ್ಲಿ ಇಂಗ್ಲಿಷ್ ನಡೆಯುತ್ತದೆ, ಮಧ್ಯಾಹ್ನ ಜೊತೆಗೆ ಕುಳಿತು ಉಣ್ಣಲು ನಾಲ್ಕು ಜನ ನಮ್ಮವರು ಸಿಗುತ್ತಾರೆ. ಬಾಗಿಲಾಚೆಯ ಪೋಲೆಂಡ್ ಮಾತನಾಡುವುದು ಪೋಲಿಷ್, ಅದು ದಿನವಿಡೀ ಎದುರಾಗುವುದು ನಿಮ್ಮ ಮನೆಯವರಿಗೆ. ಚಿಕಿತ್ಸಾಲಯದ ಕಿಟಕಿಯಲ್ಲಿ ಕುಳಿತವರು, ಶಿಶುವಿಹಾರದ ಗೋಡೆಗೆ ಅಂಟಿಸಿದ ಸೂಚನೆ, ಮೀಟರ್ ನೋಡಲು ಬಂದವನು, ಕೊರಿಯರ್ ಹುಡುಗನ ಫೋನು, ಎಲ್ಲವೂ ಅವರ ಪಾಲಿಗೆ. ಒಂದು ಉದಾಹರಣೆ ಕೊಡುತ್ತೇನೆ. ಇಲ್ಲಿನ ಸರ್ಕಾರಿ ಕಚೇರಿಗಳು ಇವತ್ತಿಗೂ ರಿಜಿಸ್ಟರ್ಡ್ ಅಂಚೆಯನ್ನು ನಂಬುತ್ತವೆ. ನೀವು ಮನೆಯಲ್ಲಿಲ್ಲದಾಗ ಅಂಚೆಯವನು ಬಂದರೆ ಪೆಟ್ಟಿಗೆಯಲ್ಲಿ ‘ಅವೀಜೊ’ ಎಂಬ ಸಣ್ಣ ಚೀಟಿ ಹಾಕಿ ಹೋಗುತ್ತಾನೆ. ಅದನ್ನು ಪಿಜ್ಜಾ ಜಾಹೀರಾತಿನ ಜೊತೆಗೆ ಕಸದಬುಟ್ಟಿಗೆ ಎಸೆದರೆ ಕೆಲಸ ಕೆಟ್ಟಿತು. 14 ದಿನಗಳೊಳಗೆ ಅಂಚೆ ಕಚೇರಿಗೆ ಹೋಗಿ ಪತ್ರ ಬಿಡಿಸಿಕೊಳ್ಳದಿದ್ದರೆ ಅದು ನಿಮ್ಮ ಕೈ ಸೇರಿದೆ ಎಂದೇ ಕಾನೂನು ಪರಿಗಣಿಸುತ್ತದೆ. ‘ಇಂಥ ದಾಖಲೆ ಕಡಿಮೆ ಇದೆ, ಇಷ್ಟು ದಿನದೊಳಗೆ ಕೊಡಿ’ ಎಂಬ ಪತ್ರ ಹೀಗೆ ಕಳೆದುಹೋಗಿ ವಾಸದ ಅರ್ಜಿಯೇ ಬಿದ್ದುಹೋದ ಮನೆಗಳಿವೆ.

ಆದ್ದರಿಂದ ಮನೆಯವರು ಬಂದ ತಿಂಗಳಿನಿಂದಲೇ ಪೋಲಿಷ್ ತರಗತಿಗೆ ಸೇರಲಿ. ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ನೀವು ಕೇಳುವ ಮುಂಚೆಯೇ ಹೇಳುತ್ತೇನೆ: ವಾರಕ್ಕೆ ಎರಡು ಸಂಜೆ ನೀವೇ ನೋಡಿಕೊಳ್ಳಬೇಕು. ಏಳು ವಿಭಕ್ತಿಗಳಿರುವ ಭಾಷೆ ಎಂದು ಜನ ಹೆದರಿಸುತ್ತಾರೆ. ಪ್ರಥಮಾ, ದ್ವಿತೀಯಾ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ ನಮಗೆ ಅದೇನು ಹೊಸದಲ್ಲ. ನಾಲಿಗೆ ಸೋಲುವುದು ಒಂದರ ಮೇಲೊಂದು ಬೀಳುವ ವ್ಯಂಜನಗಳಲ್ಲಿ, ಅದೂ ಕೆಲವು ತಿಂಗಳು ಮಾತ್ರ. ಐದು ವರ್ಷದ ನಂತರ ಐರೋಪ್ಯ ಒಕ್ಕೂಟದ ದೀರ್ಘಾವಧಿ ವಾಸದ ಪರವಾನಗಿ ಬೇಕೆಂದರೆ ಬಿ1 ಮಟ್ಟದ, ಅಂದರೆ ದಿನನಿತ್ಯದ ಮಾತುಕತೆ ನಿಭಾಯಿಸುವಷ್ಟು, ಪೋಲಿಷ್ ಬರುತ್ತದೆಂಬ ಪ್ರಮಾಣಪತ್ರ ಹೇಗೂ ಬೇಕೇಬೇಕು.

ಅವರ ಬಿ.ಕಾಂ. ಇಲ್ಲಿ ದಂಡವಾಗುವುದಿಲ್ಲ. ವ್ರೋತ್ಸ್ವಾಫ್, ಕ್ರಾಕೋವ್ ಎರಡರಲ್ಲೂ ಬಹುರಾಷ್ಟ್ರೀಯ ಕಂಪನಿಗಳ ಲೆಕ್ಕಪತ್ರ ನೋಡಿಕೊಳ್ಳುವ ಕೇಂದ್ರಗಳು ಬೇಕಾದಷ್ಟಿವೆ, ಅಲ್ಲಿ ಇಂಗ್ಲಿಷ್ ಬಲ್ಲವರಿಗೆ ಕೆಲಸವಿದೆ. ಆದರೆ ಕೆಲಸ ಮಾಡುವ ಹಕ್ಕು ಅವರಿಗೆ ಯಾವಾಗ ಸಿಗುತ್ತದೆ ಎಂಬುದು ನಿಮ್ಮ ಪರವಾನಗಿಯ ಮೇಲೆ ನಿಂತಿದೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ಕಂಪನಿಗೆ ಒಂದೇ ಪ್ರಶ್ನೆ ಕೇಳಿ: ‘ನನಗೆ ಬ್ಲೂ ಕಾರ್ಡ್ ಮಾಡಿಸುತ್ತೀರಾ, ಅಥವಾ ಸಾಮಾನ್ಯ ಕೆಲಸದ ಪರವಾನಗಿಯೇ?’ ಬ್ಲೂ ಕಾರ್ಡ್ ಅಂದರೆ ಹೆಚ್ಚು ನುರಿತ ಕೆಲಸಗಾರರಿಗೆ ಕೊಡುವ ಐರೋಪ್ಯ ಒಕ್ಕೂಟದ ಪರವಾನಗಿ. ಅದಕ್ಕೆ ಪದವಿ ಅಥವಾ ಅದಕ್ಕೆ ಸಮನಾದ ಅನುಭವ, ಜೊತೆಗೆ ದೇಶದ ಸರಾಸರಿ ಸಂಬಳದ ಒಂದೂವರೆ ಪಟ್ಟು ಸಂಬಳ ಬೇಕು. ಅದು ಇದ್ದರೆ ಕುಟುಂಬವೂ ಕಾಯದೆ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು. ಸಾಮಾನ್ಯ ಪರವಾನಗಿಯಾದರೆ ನೀವು ಎರಡು ವರ್ಷ ಇಲ್ಲಿ ನೆಲೆಸಿದ ಮೇಲೆಯೇ ಕುಟುಂಬ ಸೇರ್ಪಡೆಯ ಬಾಗಿಲು ತೆರೆಯುವುದು. ಆ ಆಧಾರದ ಮೇಲೆ ಹೆಂಡತಿಗೆ ‘ಕಾರ್ತಾ ಪೊಬಿತು’, ಅಂದರೆ ವಾಸದ ಕಾರ್ಡು, ಸಿಕ್ಕರೆ ಬೇರೆ ಅನುಮತಿಯಿಲ್ಲದೆ ಕೆಲಸ ಮಾಡಬಹುದು. ಈ ವ್ಯತ್ಯಾಸ ತಿಳಿಯದೆ ಬಂದು, ಓದಿದ ಹೆಂಗಸರು ವರ್ಷಗಟ್ಟಲೆ ಮನೆಯಲ್ಲಿ ಕುಳಿತದ್ದನ್ನು ನೋಡಿ ನನಗೆ ಸಿಟ್ಟು ಬರುತ್ತದೆ. ನಿಮಗೆ ಬೋನಸ್ ಎಷ್ಟು ಎಂದು ವಿಚಾರಿಸುವುದಕ್ಕಿಂತ ಇದನ್ನು ವಿಚಾರಿಸಿ.

ಕಾರ್ಡಿಗೆ ಕಾಯುವ ಕಾಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ತಿಂಗಳುಗಳು ಹಿಡಿಯುತ್ತವೆ, ಕೆಲವೊಮ್ಮೆ ವರ್ಷ. ವೀಸಾ ಮುಗಿಯುವ ಮೊದಲೇ ಅರ್ಜಿ ಹಾಕಿದ್ದರೆ ನೀವು ಪೋಲೆಂಡಿನೊಳಗೆ ಇರುವುದು ಕಾನೂನುಬದ್ಧವೇ. ಆದರೆ ವೀಸಾ ಮುಗಿದ ಮೇಲೆ ಊರಿಗೆ ಹೋದರೆ ಅರ್ಜಿ ಹಾಕಿದ್ದಕ್ಕೆ ಸಿಕ್ಕ ಗುರುತು ಹಿಡಿದುಕೊಂಡು ಮರಳಿ ಒಳಬರಲಾಗುವುದಿಲ್ಲ, ಹೊಸ ವೀಸಾ ಬೇಕು. ಊರಿನಲ್ಲಿ ವಯಸ್ಸಾದ ತಂದೆ ತಾಯಿ ಇದ್ದರೆ ಈ ಮಾತನ್ನು ಹೊರಡುವ ಮೊದಲೇ ಅಣ್ಣತಮ್ಮಂದಿರ ಜೊತೆ ಕುಳಿತು ಬಿಡಿಸಿ ಹೇಳಿಬಿಡಿ.

ದಾಖಲೆಗಳ ವಿಷಯದಲ್ಲಿ ನಮ್ಮ ಕಡೆಯವರಿಗೇ ಅಂಟಿದ ಒಂದು ಪೀಡೆ ಇದೆ: ಇನಿಷಿಯಲ್ಲು. ಪೋಲಿಷ್ ಅರ್ಜಿಗಳಿಗೆ ಹೆಸರು ಒಂದು, ಮನೆತನದ ಹೆಸರು ಒಂದು ಬೇಕು. ನಮ್ಮ ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರಿನ ಜಾಗ ಖಾಲಿ, ಅಥವಾ ಅಲ್ಲಿ ಅಪ್ಪನ ಹೆಸರು, ಇಲ್ಲವೇ ಊರಿನ ಹೆಸರು. ಮಗಳ ಜನನ ಪ್ರಮಾಣಪತ್ರದಲ್ಲಿ ಅಮ್ಮನ ಹೆಸರಿನ ಕಾಗುಣಿತ ಒಂದು ಥರ, ಮದುವೆ ನೋಂದಣಿಯಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಮತ್ತೊಂದು. ದಾವಣಗೆರೆಯಲ್ಲಿ ಯಾರೂ ಇದನ್ನು ಗಮನಿಸುವುದಿಲ್ಲ. ಇಲ್ಲಿ ಕಿಟಕಿಯಾಚೆಯ ಹೆಂಗಸು ಕನ್ನಡಕ ಏರಿಸಿ, ಮೂರೂ ಕಾಗದಗಳನ್ನು ಒಂದರ ಪಕ್ಕ ಒಂದಿಟ್ಟು, ಅಕ್ಷರ ಅಕ್ಷರಕ್ಕೆ ಪೆನ್ನಿನ ತುದಿ ಇಟ್ಟು ಓದುತ್ತಾಳೆ. ತಿದ್ದುಪಡಿ ಏನಿದ್ದರೂ ಊರಿನಲ್ಲಿರುವಾಗಲೇ ಮಾಡಿಸಿ. ಮದುವೆಯ ಮತ್ತು ಮಕ್ಕಳ ಜನನದ ಪ್ರಮಾಣಪತ್ರಗಳಿಗೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಹೊರದೇಶದವರು ದಾಖಲೆಯನ್ನು ಒಪ್ಪುವಂತೆ ಹಾಕುವ ದೃಢೀಕರಣ, ಹಾಕಿಸಿ ತನ್ನಿ. ಆಮೇಲೆ ಅವನ್ನು ಇಲ್ಲಿ ಪ್ರಮಾಣವಚನ ಪಡೆದ ಅನುವಾದಕರಿಂದ ಪೋಲಿಷ್‌ಗೆ ಮಾಡಿಸಬೇಕು. ಬರೀ ಕನ್ನಡದಲ್ಲಿರುವ ಹಳೆಯ ದಾಖಲೆ ಇದ್ದರೆ ಇಂಗ್ಲಿಷ್ ಇರುವ ಪ್ರತಿ ಪಡೆದುಕೊಳ್ಳಿ, ಕನ್ನಡದಿಂದ ನೇರವಾಗಿ ಮಾಡುವವರನ್ನು ಹುಡುಕಿ ಸುಸ್ತಾಗುತ್ತೀರಿ. ಇನ್ನೊಂದು ತಮಾಷೆ: ನಿಮ್ಮ ತಾಯಿಯ ಮದುವೆಗೆ ಮುಂಚಿನ ಮನೆತನದ ಹೆಸರು ಏನು ಎಂದು ಇಲ್ಲಿನ ಅರ್ಜಿಗಳು ಮತ್ತೆ ಮತ್ತೆ ಕೇಳುತ್ತವೆ. ಈಗಲೇ ಒಂದು ಉತ್ತರ ನಿರ್ಧರಿಸಿ, ಎಲ್ಲ ಕಡೆ ಅದನ್ನೇ ಬರೆಯಿರಿ.

ಇಳಿದ ಮೇಲೆ ಮೊದಲು ಬೇಕಾದದ್ದು ‘ಪೆಸೆಲ್’, ಹನ್ನೊಂದು ಅಂಕೆಗಳ ಗುರುತಿನ ಸಂಖ್ಯೆ. ನಮ್ಮ ಆಧಾರ್ ಹನ್ನೆರಡು ಅಂಕೆಗಳದ್ದು, ಅಷ್ಟೇ ವ್ಯತ್ಯಾಸ ಎಂದುಕೊಳ್ಳಿ. ಬಾಡಿಗೆ ಮನೆಯ ವಿಳಾಸ ನೋಂದಾಯಿಸಿದಾಗ ಸಾಮಾನ್ಯವಾಗಿ ಜೊತೆಗೇ ಸಿಗುತ್ತದೆ. ಮನೆ ಹುಡುಕುವಾಗ ಇಲ್ಲಿಯವರು ನಡುಮನೆಯನ್ನೂ ಕೋಣೆಯೆಂದೇ ಎಣಿಸುತ್ತಾರೆ ಎಂಬುದು ನೆನಪಿರಲಿ. ಮೂರು ಕೋಣೆಯ ಮನೆ ಅಂದರೆ ನಮ್ಮ ಎರಡು ಬೆಡ್‌ರೂಮಿನ ಮನೆ. ಜಾಹೀರಾತಿನಲ್ಲಿ ಕಾಣುವ ಬಾಡಿಗೆಯ ಮೇಲೆ ಕಟ್ಟಡದ ನಿರ್ವಹಣಾ ಶುಲ್ಕ, ಅದರ ಮೇಲೆ ವಿದ್ಯುತ್ತು ಬಂದು ಕೂರುತ್ತವೆ. ಮೂರನ್ನೂ ಕೂಡಿಸಿದ ಮೊತ್ತ ಕೇಳಿ. ಕೆಲವು ಮಾಲೀಕರು ನೋಟರಿ ಮುಂದೆ ಮಾಡುವ ವಿಶೇಷ ಕರಾರು ಬೇಕೆನ್ನುತ್ತಾರೆ, ಅದರಲ್ಲಿ ‘ಮನೆ ಬಿಡಬೇಕಾಗಿ ಬಂದರೆ ಇಂಥ ವಿಳಾಸಕ್ಕೆ ಹೋಗುತ್ತೇವೆ’ ಎಂದು ಇನ್ನೊಬ್ಬ ಮನೆ ಮಾಲೀಕರ ಒಪ್ಪಿಗೆ ಸಮೇತ ತೋರಿಸಬೇಕು. ಹೊಸಬರಿಗೆ ಅಂಥ ವಿಳಾಸ ಎಲ್ಲಿಂದ ಬರಬೇಕು? ಕಂಪನಿಯವರನ್ನು ಮುಂದೆ ಬಿಡಿ.

ಸಂಬಳದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಇಲ್ಲಿ ಯೂರೋ ಇಲ್ಲ, ಜ್ಲೋಟಿ. ಒಪ್ಪಂದದಲ್ಲಿ ಬರೆಯುವುದು ಕಡಿತಕ್ಕೆ ಮುಂಚಿನ ಮೊತ್ತ. ಸಾಮಾಜಿಕ ಭದ್ರತೆಗೆ ಸುಮಾರು 14%, ಆರೋಗ್ಯ ವಿಮೆಗೆ 9% ಹೋಗುತ್ತದೆ. ಆದಾಯ ತೆರಿಗೆ ವರ್ಷಕ್ಕೆ 1,20,000 ಜ್ಲೋಟಿವರೆಗೆ 12%, ಅದರ ಮೇಲೆ 32%. ಗಂಡಹೆಂಡತಿ ಕೂಡಿ ತೆರಿಗೆ ಲೆಕ್ಕ ಸಲ್ಲಿಸಬಹುದು. ಒಬ್ಬರೇ ದುಡಿಯುವ ಮನೆಗೆ ಇದರಿಂದ ಒಳ್ಳೆಯ ಮೊತ್ತವೇ ಹಿಂದಕ್ಕೆ ಬರುತ್ತದೆ, ಏಪ್ರಿಲ್ 30ರೊಳಗೆ ಸಲ್ಲಿಸಬೇಕು. ಆರೋಗ್ಯ ವಿಮೆಗೆ ಹೆಂಡತಿ ಮಕ್ಕಳ ಹೆಸರು ತಾನಾಗಿ ಸೇರುವುದಿಲ್ಲ, ಕಂಪನಿಗೆ ಬರೆದುಕೊಟ್ಟು ಸೇರಿಸಬೇಕು. ಇನ್ನು ವೈದ್ಯರು: ಮಗುವಿಗೆ ಜ್ವರ ಎಂದು ಹೋದರೆ ಪ್ಯಾರಾಸಿಟಮಾಲ್ ಬರೆದು, ರಾಸ್ಪ್‌ಬೆರಿ ರಸ ಹಾಕಿದ ಚಹಾ ಕೊಡಿ ಎನ್ನುತ್ತಾರೆ. ಆಂಟಿಬಯಾಟಿಕ್ ಕೊಡಲಿಲ್ಲ ಎಂದು ಜಗಳಕ್ಕೆ ನಿಲ್ಲಬೇಡಿ. ಮಕ್ಕಳ ಲಸಿಕೆ ಪುಸ್ತಕ ಮಾತ್ರ ಕೈಚೀಲದಲ್ಲೇ ಇರಲಿ.

ಶಾಲೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗಿದೆ: ಮಗಳನ್ನು ಸರ್ಕಾರಿ ಪೋಲಿಷ್ ಶಾಲೆಗೇ ಸೇರಿಸಿ. ಇಂಗ್ಲಿಷ್ ಶಾಲೆಗಳಿವೆ, ಶುಲ್ಕ ನಿಮ್ಮ ಸಂಬಳವನ್ನು ಕಚ್ಚುತ್ತದೆ, ಮೇಲಾಗಿ ಪಕ್ಕದ ಮನೆಯ ಮಕ್ಕಳ ಜೊತೆ ಆಡಲು ಮಗುವಿಗೆ ಭಾಷೆಯೇ ಇರುವುದಿಲ್ಲ. ಪ್ರಾಥಮಿಕ ಶಾಲೆ ಎಂಟು ವರ್ಷದ್ದು, ಏಳನೆಯ ವಯಸ್ಸಿಗೆ ಶುರು. ಒಂಬತ್ತು ತುಂಬುವ ವರ್ಷದ ಸೆಪ್ಟೆಂಬರಿನಲ್ಲಿ ಮಕ್ಕಳು ಮೂರನೆಯ ತರಗತಿಗೆ ಹೋಗುತ್ತಾರೆ. ಮೂರರವರೆಗೆ ಬಹುಮಟ್ಟಿಗೆ ಒಬ್ಬರೇ ಟೀಚರು, ವರ್ಷದ ಕೊನೆಗೆ ಅಂಕಗಳ ಬದಲು ಬರಹದ ವಿವರಣೆ. ನಾಲ್ಕರಿಂದ ವಿಷಯಕ್ಕೊಬ್ಬ ಟೀಚರು, 1ರಿಂದ 6ರವರೆಗೆ ಅಂಕ. ಆರು ಬಂದರೆ ಶ್ರೇಷ್ಠ, ಒಂದು ಬಂದರೆ ನಪಾಸು. ‘ಒಂದು ಬಂತು’ ಎಂದರೆ ಮೊದಲ ರ್‍ಯಾಂಕ್ ಎಂದುಕೊಂಡು ಅಜ್ಜಿ ಊರಿನಲ್ಲಿ ಪೇಡೆ ಹಂಚಿಯಾರು. ಹಾಗಾಗಿ ನಾಲ್ಕನೆಯ ತರಗತಿಗೆ ಮುಂಚೆ ಬಂದರೆ ಮಗಳಿಗೆ ಉಸಿರಾಡಲು ಒಂದು ವರ್ಷ ಸಿಗುತ್ತದೆ. ಪೋಲಿಷ್ ಬಾರದ ಮಕ್ಕಳಿಗೆ ಉಚಿತ ಹೆಚ್ಚುವರಿ ಭಾಷಾ ಪಾಠ ಕೊಡುವುದು ಶಾಲೆಯ ಹೊಣೆ, ಕೇಳಿ ಪಡೆಯಿರಿ. ಧರ್ಮದ ಪಾಠ ಕಡ್ಡಾಯವಲ್ಲ. ಮಗಳು ಕೆಲವು ತಿಂಗಳು ತರಗತಿಯಲ್ಲಿ ಬಾಯಿ ಬಿಡುವುದಿಲ್ಲ, ಮನೆಗೆ ಬಂದು ಅಳುತ್ತಾಳೆ. ಒಂದು ದಿನ ತಮ್ಮನ ಜೊತೆ ಜಗಳವನ್ನೇ ಪೋಲಿಷ್‌ನಲ್ಲಿ ಆಡುತ್ತಾಳೆ. ಆಮೇಲೆ ಕನ್ನಡ ಉಳಿಸಿಕೊಳ್ಳುವುದು ನಿಮ್ಮ ಪಾಡು.

ಮಗನ ವಿಷಯ ಅಷ್ಟು ಸುಲಭವಲ್ಲ. ಸರ್ಕಾರಿ ಶಿಶುವಿಹಾರದಲ್ಲಿ ದಿನಕ್ಕೆ ಐದು ಗಂಟೆ ಉಚಿತ, ಆದರೆ ಪ್ರವೇಶ ನಡೆಯುವುದು ವಸಂತದಲ್ಲಿ. ನಡುವರ್ಷದಲ್ಲಿ ಬಂದವರಿಗೆ ಜಾಗ ಸಿಗುವುದು ಅದೃಷ್ಟ. ಮೊದಲ ವರ್ಷಕ್ಕೆ ಖಾಸಗಿಯ ಖರ್ಚು ತೆಗೆದಿಡಿ.

ಚಳಿ ಬಟ್ಟೆಯಿಂದ ಹೋಗುತ್ತದೆ, ಮನೆಯೊಳಗೆ ಹೀಟರ್ ಬೆಚ್ಚಗಿರುತ್ತದೆ. ಮನಸ್ಸಿಗೆ ಭಾರವಾಗುವುದು ಕತ್ತಲೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ದೀಪ ಹಚ್ಚಬೇಕು, ಹಗಲು ಎಂಟು ಗಂಟೆ ಮಾತ್ರ. ಆಗ ಹೊರಗೆ ಹೋಗದೆ ಕುಳಿತವರು ಮಂಕಾಗುತ್ತಾರೆ. ಇಲ್ಲಿಯವರು ಹಿಮದಲ್ಲೂ ಮಕ್ಕಳನ್ನು ಆಡಲು ಬಿಡುತ್ತಾರೆ, ನೀವೂ ಬಿಡಿ. ಟೋಪಿ ಮರೆತರೆ ಮಾತ್ರ ಗ್ರಹಚಾರ. ಟ್ರಾಮಿನಲ್ಲಿ ಯಾರೋ ಅಜ್ಜಿ ಎದ್ದು ಬಂದು, ನಿಮ್ಮ ಮಗನ ಮಫ್ಲರನ್ನು ತಾನೇ ಕಿವಿಯವರೆಗೆ ಎಳೆದು ಸುತ್ತಿ, ನಿಮಗೆ ಎರಡು ಮಾತು ಬೈದು, ಮುಂದಿನ ನಿಲ್ದಾಣದಲ್ಲಿ ಇಳಿದುಹೋಗುತ್ತಾಳೆ. ಲಿಫ್ಟಿನಲ್ಲಿ, ವೈದ್ಯರ ಕೋಣೆಯ ಮುಂದೆ ಕುಳಿತವರಿಗೆ ‘ಜೆನ್ ದೊಬ್ರಿ’ ಎಂದು ನಮಸ್ಕರಿಸದಿದ್ದರೆ ನಿಮ್ಮನ್ನು ಒರಟರೆಂದು ತಿಳಿಯುತ್ತಾರೆ. ಮುಗುಳ್ನಗೆ ಮಾತ್ರ ನಿರೀಕ್ಷಿಸಬೇಡಿ.

ಬಣ್ಣದ ವಿಷಯ ಮುಚ್ಚಿಡುವುದಿಲ್ಲ. ದಿಟ್ಟಿಸಿ ನೋಡುವವರು ಇದ್ದಾರೆ, ಅಪರೂಪಕ್ಕೆ ಕುಡಿದವನೊಬ್ಬ ಕೆಟ್ಟ ಮಾತು ಎಸೆಯುತ್ತಾನೆ. ವಲಸಿಗರ ಬಗ್ಗೆ ರಾಜಕೀಯದ ಮಾತು ಇತ್ತೀಚೆಗೆ ಬಿಸಿಯಾಗಿದೆ. ನವೆಂಬರ್ 11, ಸ್ವಾತಂತ್ರ್ಯ ದಿನ. ಅಂದು ಉಗ್ರ ರಾಷ್ಟ್ರವಾದಿಗಳ ಮೆರವಣಿಗೆ ನಡೆಯುವ ಬೀದಿಗಳಿಗೆ ನಾವು ಹೋಗುವುದಿಲ್ಲ. ಇನ್ನೊಂದು ಮುಖವೂ ಇದೆ. ಎರಡನೆಯ ಮಹಾಯುದ್ಧದಲ್ಲಿ ದಿಕ್ಕೆಟ್ಟ ಪೋಲಿಷ್ ಮಕ್ಕಳಿಗೆ ಜಾಮ್‌ನಗರದ ಮಹಾರಾಜ ಆಶ್ರಯ ಕೊಟ್ಟದ್ದಕ್ಕೆ ವಾರ್ಸಾದಲ್ಲಿ ‘ಒಳ್ಳೆಯ ಮಹಾರಾಜ’ನ ಹೆಸರಿನ ಚೌಕವಿದೆ. ನಮ್ಮ ಬೆಳಗಾವಿಯಿಂದ ಬಹಳ ದೂರವಿಲ್ಲದ ಕೊಲ್ಲಾಪುರದ ವಳಿವಡೆಯಲ್ಲೂ ಸಾವಿರಾರು ಪೋಲಿಷ್ ನಿರಾಶ್ರಿತರು ಇದ್ದರು. ಅದನ್ನು ಬಲ್ಲ ಹಿರಿಯರು ನೀವು ಭಾರತದವರು ಎಂದಾಗ ಕೈ ಬಿಡುವುದೇ ಇಲ್ಲ.

ಊಟಕ್ಕೆ ಹೆದರಬೇಡಿ. ‘ಕಾಶಾ ಮಾನ್ನಾ’ ಅಂದರೆ ರವೆಯೇ, ಉಪ್ಪಿಟ್ಟು ಆಗುತ್ತದೆ. ‘ಕಾಶಾ ಯಾಗ್ಲಾನಾ’ ನಮ್ಮ ಬರಗು. ಮಜ್ಜಿಗೆ ಪ್ರತಿ ಅಂಗಡಿಯಲ್ಲಿದೆ, ತೊಗರಿಬೇಳೆಗೆ ಭಾರತೀಯ ಅಂಗಡಿಗೆ ಹೋಗಬೇಕು. ಅಗ್ಗದ ‘ಹಾಲಿನ ಹೋಟೆಲು’ಗಳಲ್ಲಿ ಆಲೂಗಡ್ಡೆ ಮತ್ತು ಚೀಸ್ ತುಂಬಿದ ಪ್ಯೆರೊಗಿ ಸಿಗುತ್ತದೆ, ನಮ್ಮ ಕಡುಬಿನ ತಂಗಿ ಎನ್ನಿ. ಆದರೆ ಅದರ ಮೇಲೆ ಹಂದಿ ಕೊಬ್ಬಿನ ಹುರಿದ ಚೂರು ಉದುರಿಸುತ್ತಾರೆ. ‘ಬೆಸ್ ಸ್ಕ್ವಾರೆಕ್’ ಎಂದು ಮೊದಲೇ ಹೇಳಿ. ತರಕಾರಿ ಸೂಪು ಎಂದು ಬರೆದಿದ್ದರೂ ಮಾಂಸದ ಸಾರಿನಲ್ಲಿ ಬೇಯಿಸಿರಬಹುದು, ಮಕ್ಕಳ ಜೆಲ್ಲಿ ಮಿಠಾಯಿಯಲ್ಲಿ ಜೆಲಾಟಿನ್ ಇರುತ್ತದೆ. ಹೆಚ್ಚಿನ ಭಾನುವಾರ ಅಂಗಡಿಗಳು ಕಾನೂನಿನ ಪ್ರಕಾರವೇ ಮುಚ್ಚಿರುತ್ತವೆ, ತರಕಾರಿ ಶನಿವಾರವೇ ತಂದಿಡಿ.

ಸಾಧ್ಯವಾದರೆ ಆಗಸ್ಟ್ ಮೊದಲ ವಾರ ಇಳಿಯಿರಿ. ಸೆಪ್ಟೆಂಬರ್ 1ಕ್ಕೆ ಶಾಲೆ ಶುರುವಾಗುವುದರೊಳಗೆ ವಿಳಾಸ, ಪೆಸೆಲ್, ಪ್ರವೇಶ ಮೂರೂ ಮುಗಿಯುತ್ತವೆ. ಬಿಳಿ ಅಂಗಿ, ಗಾಢ ಬಣ್ಣದ ಲಂಗ ಮಗಳಿಗೆ ಮೊದಲ ದಿನಕ್ಕೇ ಬೇಕು. ಕೋಟು, ಬೂಟು ಊರಿನಿಂದ ಹೊರಬೇಡಿ, ಇಲ್ಲಿಯದೇ ಇಲ್ಲಿನ ಚಳಿಗೆ ಸರಿ. ಆ ತೂಕದಲ್ಲಿ ಕುಕ್ಕರು, ಅದರ ಎರಡು ಗ್ಯಾಸ್ಕೆಟ್ಟು, ಮಿಕ್ಸಿ ತನ್ನಿ. ವೋಲ್ಟೇಜ್ 230, ನಮ್ಮಂತೆಯೇ. ಪ್ಲಗ್ಗಿಗೆ ಮಾತ್ರ ಅಡಾಪ್ಟರ್ ಬೇಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಕಟ್ಟಡದಲ್ಲಿ ಸದ್ದು ಮಾಡುವಂತಿಲ್ಲ, ಆದ್ದರಿಂದ ದೋಸೆ ಹಿಟ್ಟನ್ನು ಸಂಜೆಯೇ ರುಬ್ಬಿ ಹೀಟರ್ ಪಕ್ಕ ಇಡಲು ಹೇಳಿ. ಇಲ್ಲವಾದರೆ ಜನವರಿಯಲ್ಲಿ ಅದು ಹುಳಿ ಬರುವುದೇ ಇಲ್ಲ.