ಡಾಕ್ಟರ್ ಅಲ್ಲದ ನಾನು ಏನು ಹೇಳಲಿ ಅಂದವರಿಗೆ

ನಿಮ್ಮ 9 ವರ್ಷದ ಮಗಳಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ, ಆಪರೇಷನ್ ಆಗಿದೆ. ಆಸ್ಪತ್ರೆಯವರು ಸಂಶೋಧನೆಯ ಸಲಹಾ ತಂಡಕ್ಕೆ (ಅಧ್ಯಯನ ಹೇಗಿರಬೇಕು ಅಂತ ರೋಗಿಗಳ ಮನೆಯವರೂ ಹೇಳುವ ತಂಡ) ಬನ್ನಿ ಅಂದಿದ್ದಾರೆ, ನಾನು ಅಲ್ಲಿ ಏನು ಹೇಳಲಿ ಅಂತ ಕೇಳಿದ್ದೀರಿ. ಖಂಡಿತ ಹೋಗಿ.

ನನ್ನ ಮಗನದೂ ಇದೇ ಕತೆ. ಪ್ರತಿ ಸಲ ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನ್‌ನಲ್ಲಿ, ಎಲ್ಲ ಚೆನ್ನಾಗಿದೆ ಅಂತಲೇ ಬರುತ್ತಿತ್ತು. ಆದರೆ ಆಟದ ಪೀರಿಯಡ್‌ನಲ್ಲಿ ಅವನು ಒಬ್ಬನೇ ಮರದ ಕೆಳಗೆ ಕೂತು, ಉಳಿದವರ ನೀರಿನ ಬಾಟಲಿ ಕಾಯುತ್ತಿದ್ದ. ಆ ಬಾಟಲಿಗಳು ಯಾವ ರಿಪೋರ್ಟಿನಲ್ಲೂ ಬರಲ್ಲ, ಅಲ್ವಾ? ನೀವು ಹೇಳಬೇಕಾದ್ದು ಅದನ್ನೇ.

ಬ್ರಿಟನ್ನಿನಲ್ಲಿ ಜೇಮ್ಸ್ ಲಿಂಡ್ ಅಲಯನ್ಸ್ ಅನ್ನೋ ಸಂಸ್ಥೆ ಜೊತೆ ರೋಗಿಗಳು, ಅಪ್ಪ ಅಮ್ಮಂದಿರು, ಡಾಕ್ಟರ್‌ಗಳು, ನರ್ಸ್‌ಗಳು ಸೇರಿ ಈ ಕಾಯಿಲೆಯಲ್ಲಿ ಮೊದಲು ಯಾವ ಪ್ರಶ್ನೆಗೆ ಉತ್ತರ ಹುಡುಕಬೇಕು ಅಂತ ಆರಿಸಿದರು. 2022ರಲ್ಲಿ ಪಟ್ಟಿ ಬಂತು. ಮಕ್ಕಳಿಗೆ 10, ದೊಡ್ಡವರಿಗೆ 10 ಪ್ರಶ್ನೆ. ಆಪರೇಷನ್ ವಿಷಯದ ಜೊತೆ ಮನಸ್ಸಿನ ಆರೋಗ್ಯವೂ ಅದರಲ್ಲಿ ಸೇರಿತು. ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು.

ಮೀಟಿಂಗ್‌ನಲ್ಲಿ ಅರ್ಥವಾಗದ ಪದ ಬಂದರೆ ಅಲ್ಲೇ ನಿಲ್ಲಿಸಿ ಕೇಳಿ, ಸುಮ್ನೆ ತಲೆ ಆಡಿಸಬೇಡಿ. ಅಧ್ಯಯನಕ್ಕೆ ಸೇರುವವರು ಸಹಿ ಹಾಕುವ ಒಪ್ಪಿಗೆ ಪತ್ರದ ಕನ್ನಡ ಓದಿ ನೋಡಿ. ನಿಮಗೇ ತೊಡಕಾದರೆ ಬೇರೆಯವರಿಗೂ ತೊಡಕೇ. ಸೇರಿದವರು ಎಷ್ಟು ಸಲ ಬರಬೇಕು, ಬಸ್ ಚಾರ್ಜು ಯಾರದು, ಶಾಲೆ ಎಷ್ಟು ದಿನ ತಪ್ಪುತ್ತೆ, ಇದೆಲ್ಲ ಕೇಳಿ.

ಇನ್ನೊಂದು ಮಾತು. ಮುಂದೆ ಮಗಳನ್ನೇ ಅಧ್ಯಯನಕ್ಕೆ ಸೇರಿಸುವುದಾದರೆ ನಿಮ್ಮ ಸಹಿ ಮಾತ್ರ ಸಾಲದು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿ ಪ್ರಕಾರ 7 ವರ್ಷ ದಾಟಿದ ಮಗುವಿನ ಒಪ್ಪಿಗೆಯನ್ನೂ ಕೇಳಬೇಕು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನವಾಗಿ ಹೇಳಿ.