ಬೀಟೆ ಪೆಟ್ಟಿಗೆಗೆ ಪರ್ಮಿಟ್ ಬೇಕು ಅಂತ ಹೇಳೋರು ಯಾರು?

ಪ್ರಶ್ನೆ: ಜರ್ಮನಿಯಲ್ಲಿರುವ ಮಗಳಿಗೆ ಬೀಟೆ ಮರದ ಇನ್‌ಲೇ ಪೆಟ್ಟಿಗೆ ಕಳಿಸಬೇಕಿತ್ತು. ಅಂಗಡಿಯವರು "ಸೈಟಿಸ್ ನಿಯಮ ಇದೆ, ನೋಡ್ಕೊಳ್ಳಿ" ಅಂದರು. ನಮ್ಮ ಮರದ ಬಗ್ಗೆ ತೀರ್ಮಾನ ಮಾಡೋಕೆ ಇವರ್ಯಾರು?
– ಓದುಗರೊಬ್ಬರು, ಮೈಸೂರು

ಉತ್ತರ: ಹೊರಗಿನವರೇನಲ್ಲ, ನಾವೂ ಅದರಲ್ಲಿದ್ದೇವೆ. ಸೈಟಿಸ್ ಅಂದರೆ ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರದ ಮೇಲೆ ಕಣ್ಣಿಡುವ ಅಂತರರಾಷ್ಟ್ರೀಯ ಒಪ್ಪಂದ. 1973ರಲ್ಲಿ ವಾಷಿಂಗ್ಟನ್‌ನಲ್ಲಿ ಸಹಿ ಆಯಿತು, ಭಾರತ 1976ರಲ್ಲಿ ಸೇರಿತು. 1981ರ ಸಭೆ ನಡೆದದ್ದು ದೆಹಲಿಯಲ್ಲೇ.

ಜಿನೀವಾದಲ್ಲಿ ಒಂದು ಕಚೇರಿ ಇದೆ, ಆದರೆ ಯಾವ ಮರ ಪರ್ಮಿಟ್ ಬೇಕಾದವುಗಳ ಪಟ್ಟಿಗೆ ಸೇರಬೇಕು ಅನ್ನೋದು ಅವರ ಕೈಯಲ್ಲಿಲ್ಲ. ಅದು ಎರಡು ಮೂರು ವರ್ಷಕ್ಕೊಮ್ಮೆ ಸೇರುವ ಸದಸ್ಯ ದೇಶಗಳ ಸಭೆಯ ಕೆಲಸ. ಪ್ರಸ್ತಾವವನ್ನು ಸಭೆಗೆ 150 ದಿನ ಮೊದಲೇ ಕೊಡಬೇಕು. ಎಲ್ಲರೂ ಒಪ್ಪಿದರೆ ಸರಿ, ಇಲ್ಲದಿದ್ದರೆ ಮತ. ಚಿಕ್ಕದಿರಲಿ ದೊಡ್ಡದಿರಲಿ, ದೇಶಕ್ಕೊಂದೇ ಮತ, ಮೂರನೇ ಎರಡರಷ್ಟು ಬಹುಮತ ಬೇಕು, ಅದರಲ್ಲೂ ತಟಸ್ಥವಾಗಿ ಕೂತವರನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಹಾಗಾಗಿ ಮತ ಗಿಟ್ಟಿಸುವ ನಿಜವಾದ ಓಡಾಟವೆಲ್ಲ ಕಾರಿಡಾರಿನಲ್ಲೇ ಜಾಸ್ತಿ. ಸೋತ ದೇಶ 90 ದಿನದೊಳಗೆ "ಇದು ನಮಗೆ ಅನ್ವಯಿಸದು" ಅಂತ ಬರೆದುಕೊಟ್ಟು ಹೊರಗುಳಿಯಬಹುದು. ಕೆಲವು ತಿಮಿಂಗಿಲಗಳ ವಿಷಯದಲ್ಲಿ ಜಪಾನ್ ಮಾಡಿರುವುದು ಇದನ್ನೇ. ನನಗಂತೂ ಇದು ಒಪ್ಪಂದದಲ್ಲಿರುವ ದೊಡ್ಡ ಕಿಂಡಿ ಅನ್ನಿಸುತ್ತದೆ, ಆದರೆ ಅದೂ ಇಲ್ಲದಿದ್ದರೆ ಎಷ್ಟು ದೇಶಗಳು ಸೇರುತ್ತಿದ್ದವು ಹೇಳಿ?

ಈಗ ನಿಮ್ಮ ಬೀಟೆಗೆ ಬರೋಣ. 2016ರ ಜೋಹಾನ್ಸ್‌ಬರ್ಗ್ ಸಭೆ ಬೀಟೆ ಸೇರಿರುವ ಇಡೀ ಡಾಲ್ಬರ್ಜಿಯಾ ಕುಲವನ್ನೇ ಪಟ್ಟಿಗೆ ಸೇರಿಸಿತು. ಒಂದು ಜಾತಿಯ ದಿಮ್ಮಿಯನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸೋದು ಕಸ್ಟಮ್ಸ್‌ನವರಿಗೆ ಕಷ್ಟ ಅಲ್ವಾ, ಅದಕ್ಕೇ ಹಾಗೆ. ಬೀಟೆ, ಅದೇ ಕುಲದ ಶೀಶಮ್ ಮರ ಎರಡೂ ಸಿಕ್ಕಿಕೊಂಡವು. ನಮ್ಮ ಕರಕುಶಲ ರಫ್ತುದಾರರು ಗೋಳಾಡಿದರು. 2019ರಲ್ಲಿ, ಕೊಲಂಬೊದಲ್ಲಿ ಆಗಬೇಕಿದ್ದು ಬಾಂಬ್ ದಾಳಿಯಿಂದಾಗಿ ಜಿನೀವಾಕ್ಕೆ ಹೋದ ಸಭೆಯಲ್ಲಿ, ಶೀಶಮ್ ಅನ್ನು ಪಟ್ಟಿಯಿಂದ ಬಿಡಿಸಲು ಭಾರತ ನೋಡಿತು. ಆಗಲಿಲ್ಲ. ಆದರೆ 10 ಕಿಲೋವರೆಗಿನ ಸಿದ್ಧ ವಸ್ತುಗಳಿಗೆ ವಿನಾಯಿತಿ ಸಿಕ್ಕಿತು. ಆ 10 ಕಿಲೋ ಇಡೀ ಪಾರ್ಸೆಲ್ಲಿಗೋ, ಒಂದೊಂದು ವಸ್ತುವಿಗೋ ಅನ್ನೋ ಗೊಂದಲ ಮಾತ್ರ ಉಳಿಯಿತು. 2022ರ ಪನಾಮ ಸಭೆ ಭಾರತದ ವಾದ ಒಪ್ಪಿ, ಒಂದೊಂದು ವಸ್ತುವಿಗೆ, ಅದೂ ಮರದ ತೂಕ ಮಾತ್ರ ಅಂತ ಹೇಳಿತು.

ನಿಮ್ಮ ಪೆಟ್ಟಿಗೆಯಲ್ಲಿ ಅಷ್ಟು ಮರ ಇರಲಾರದು, ಹಾಗಾಗಿ ಸೈಟಿಸ್ ಪರ್ಮಿಟ್ ಬೇಕಿಲ್ಲ. ನಮ್ಮದೇ ರಫ್ತು ನಿಯಮಗಳ ಮಾತು ಬೇರೆ, ಕೊರಿಯರ್‌ನವರನ್ನು ಒಮ್ಮೆ ಕೇಳಿ, ಅಂಗಡಿ ಬಿಲ್ಲನ್ನೂ ಪಾರ್ಸೆಲ್ ಜೊತೆಗಿಡಿ.